ಉಳವಿಯ ಹನಿ, ಹವಳದ ಮನೆ

ಟಪ್.

ಹನಿ ನೇರ ಹಣೆಯ ಮೇಲೆ ಬಿತ್ತು. ಕಾರ್ತಿಕದ ಬೆಳಗು. ಹೊರಗೆ ಉಳವಿಯ ಕಾಡು ಮಳೆಗಾಲದ ತೇವವನ್ನು ಇನ್ನೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಒಳಗೆ, ಆಕಳ ಗವಿಯ ಕತ್ತಲಲ್ಲಿ, ನನ್ನ ಟಾರ್ಚು ಆ ಹನಿಯ ತವರು ಹುಡುಕುತ್ತ ಮೇಲಕ್ಕೆ ಹೋಯಿತು. ಕೆಚ್ಚಲಿನ ಹಾಗೆ ಇಳಿಬಿದ್ದ ಕಲ್ಲು. ಅದರ ತುದಿಗೆ ಮೊಲೆತೊಟ್ಟಿನಂಥ ಮೊನೆ. ಮೊನೆಯಲ್ಲಿ ಇನ್ನೊಂದು ಹನಿ, ದುಂಡಗಾಗುತ್ತ, ತೂಗುತ್ತ, ಬೆಳಕು ಕುಡಿಯುತ್ತ. ಚಿಕ್ಕವಳಿದ್ದಾಗ ಧಾರವಾಡದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಬಂದವರ ಜೊತೆ ಇಲ್ಲಿಗೆ ಬಂದಿದ್ದೆ. ಕಲ್ಲಿನ ಆಕಳು ಹಾಲು ಸುರಿಸುತ್ತದೆ ಎಂದು ಅಜ್ಜಿ ಹೇಳಿದ್ದಳು. ನಾನು ನಂಬಿ, ಬಾಯಿ ತೆರೆದು ನಿಂತಿದ್ದೆ.

ಟಪ್.

ಈ ಸದ್ದು! ಇದೇ ಸದ್ದನ್ನು ನಾಲ್ಕು ತಿಂಗಳ ಹಿಂದೆ ಭೂಮಿಯ ಆಚೆ ಬದಿಯಲ್ಲಿ ಕೇಳಿದ್ದೆ. ಟೆಕ್ಸಾಸಿನ ಆಸ್ಟಿನ್ ಊರಿನಲ್ಲಿ, ತಮ್ಮನ ಮನೆಯ ಹಾಲ್‌ನಲ್ಲಿ, ಹವಳ ಸಾಕಿದ ಗಾಜಿನ ತೊಟ್ಟಿಯ ಕೆಳಗಿನ ಕಪಾಟಿನೊಳಗೆ. ಅಲ್ಲಿ ಒಂದು ಪ್ಲಾಸ್ಟಿಕ್ ಕೊಳವೆಯ ತುದಿಯಿಂದ ಹನಿ ಬೀಳುತ್ತಿತ್ತು, ತಮ್ಮ ಕೈಗಡಿಯಾರ ನೋಡುತ್ತ ಎಣಿಸುತ್ತಿದ್ದ. ಆ ಹನಿಯೂ ಈ ಹನಿಯೂ ಒಂದೇ ಎಂದು ನನಗೆ ಹೊಳೆದದ್ದು ಇಲ್ಲಿ, ಈ ಕ್ಷಣದಲ್ಲಿ, ಕಾಲಡಿಯ ಕೆಸರಿನಲ್ಲಿ ಜಾರದಂತೆ ಗೋಡೆ ಹಿಡಿದು ನಿಂತಾಗ. ಸದ್ದು ಮಾತ್ರವಲ್ಲ, ಹನಿಯೊಳಗಿನ ವಸ್ತು ಒಂದೇ, ಅದು ಹುಟ್ಟುವ ಕ್ರಮ ಒಂದೇ! ತಮ್ಮ ಡಾಲರ್ ಕೊಟ್ಟು ತಂದು ಕಪಾಟಿನಲ್ಲಿಟ್ಟಿದ್ದು ಉಳವಿಯ ಗವಿಯ ಒಂದು ಮೊಳದ ಮರಿ. ಅವನಿಗೂ ಅದು ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ತಮ್ಮನ ಹಳೆಯ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು ಮರಳು ಕಳೆದರೆ ಸುಮಾರು 160 ಲೀಟರ್ ಉಪ್ಪುನೀರು. ಅದರಲ್ಲಿ ಅವನು ಹವಳ ನೆಟ್ಟದ್ದು ಬೆರಳಿನ ಗೆಣ್ಣಿನಷ್ಟೇ ಇರುವ ತುಂಡುಗಳಿಂದ. ಅಲ್ಲಿನ ಹವಳಪ್ರಿಯರು ತಮ್ಮ ತಮ್ಮ ತೊಟ್ಟಿಗಳಲ್ಲೇ ಬೆಳೆಸಿ, ಮುರಿದು, ನಾವು ದಾಸವಾಳದ ಕಡ್ಡಿ ಹಂಚಿಕೊಳ್ಳುವ ಹಾಗೆ ಹಂಚಿಕೊಳ್ಳುತ್ತಾರೆ. ನಾನೂ ಮೊದಲು ಅದನ್ನು ಗಿಡವೆಂದೇ ಅಂದುಕೊಂಡೆ. ಕೊಂಬೆ ಇದೆ, ಚಿಗುರಿದೆ, ಬಿಸಿಲಿನಂಥ ಬೆಳಕು ಬೇಕು. ಆದರೆ ರಾತ್ರಿ ದೀಪ ಆರಿ ಅರ್ಧ ಗಂಟೆಯಾದ ಮೇಲೆ ತಮ್ಮ ಕೆಂಪು ಟಾರ್ಚು ಹಿಡಿದು, "ಅಕ್ಕಾ, ಈಗ ನೋಡು" ಅಂದ. ಅಯ್ಯೋ, ಆ ಕೊಂಬೆಯ ಮೈತುಂಬ ಬಾಯಿ! ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಬಾಯಿ, ಪ್ರತಿ ಬಾಯಿಯ ಸುತ್ತ ಬೆರಳುಗಳ ಉಂಗುರ, ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ಒಳಗೆ ಹಾಕಿಕೊಳ್ಳುತ್ತಿವೆ. ಅವು ಪಾಲಿಪ್‌ಗಳು. ಹವಳ ಗಿಡವಲ್ಲ, ಪ್ರಾಣಿ. ಒಂದಲ್ಲ, ಕೂಡಿ ಬಾಳುವ ಸಾವಿರಾರು ಪ್ರಾಣಿಗಳ ಊರು. ಆದರೆ ಅವುಗಳ ಮೈಯ ಜೀವಕೋಶಗಳ ಒಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆಗಿವೆ. ಹಗಲಲ್ಲಿ ಪಾಚಿ ಬೆಳಕು ತಿಂದು ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ, ರಾತ್ರಿ ಹವಳ ಬೇಟೆಗೆ ಹೊರಡುತ್ತದೆ. ಹಗಲು ಬೇಸಾಯ, ರಾತ್ರಿ ಬೇಟೆ, ಮತ್ತೆ ಈ ಎರಡರ ನಡುವೆ ಎಡೆಬಿಡದೆ ಮನೆ ಕಟ್ಟುವ ಕೆಲಸ. ಕೂತಲ್ಲೇ ಕೂತು, ಕಾಲಡಿಗೆ ಕಲ್ಲು ಹುಟ್ಟಿಸುತ್ತ ಹುಟ್ಟಿಸುತ್ತ ಮೇಲೇರುತ್ತದೆ ಹವಳ.

ಅಜ್ಜಿಯ ಕೊರಳಲ್ಲಿದ್ದ ಕೆಂಪು ಹವಳದ ಸರ ಇದಲ್ಲ, ಅದು ಬೇರೆ ಕುಲ. ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ, ಪಾಚಿಯ ಹಂಗಿಲ್ಲದೆ ನಿಧಾನವಾಗಿ ಬೆಳೆಯುವಂಥದು. ನಾನು ಹೇಳುತ್ತಿರುವುದು ದಿಬ್ಬ ಕಟ್ಟುವ ಹವಳ, ದ್ವೀಪಗಳನ್ನೇ ಎಬ್ಬಿಸುವ ಹವಳ.

ಅಂಥ ಹವಳ ಮೂರಡಿ ತೊಟ್ಟಿಯಲ್ಲಿ ನಾಲ್ಕು ವರ್ಷದಲ್ಲಿ ಏನು ಮಾಡಿತು? ಗೆಣ್ಣಿನಷ್ಟಿದ್ದದ್ದು ಬೊಗಸೆಯಷ್ಟಾಯಿತು, ಬೊಗಸೆಯಷ್ಟಿದ್ದದ್ದು ಗಾಜಿಗೆ ತಾಗಿತು. ಅಕ್ಕಪಕ್ಕದ ಹವಳಗಳು ಒಂದನ್ನೊಂದು ಸುಡತೊಡಗಿದವು. ಅವುಗಳ ಬೆರಳುಗಳಲ್ಲಿ ಕುಟುಕುವ ಕೋಶಗಳಿವೆ, ಜಾಗಕ್ಕಾಗಿ ರಾತ್ರಿಯಿಡೀ ಗಡಿ ಜಗಳ. ಅದಕ್ಕಿಂತ ದೊಡ್ಡ ಸಂಕಟ ಕಣ್ಣಿಗೆ ಕಾಣದ್ದು. ತಮ್ಮ ಪ್ರತಿದಿನ ಒಂದು ಸಣ್ಣ ಸೀಸೆಯಲ್ಲಿ ನೀರು ತೆಗೆದು, ಬಣ್ಣದ ಹನಿ ಹಾಕಿ ಅದರ ಕ್ಷಾರತೆ ಅಳೆಯುತ್ತಿದ್ದ. ಹವಳಪ್ರಿಯರ ಲೆಕ್ಕದಲ್ಲಿ ಸಮುದ್ರದ ನೀರು ಏಳೆಂಟು ಡಿಗ್ರಿ. ಅವನ ತೊಟ್ಟಿಯಲ್ಲಿ ಅದು ಒಂದೇ ದಿನಕ್ಕೆ ಮೂರು ಡಿಗ್ರಿ ಕುಸಿಯುತ್ತಿತ್ತು. ಯಾಕೆಂದರೆ ಹವಳಗಳು ಅದನ್ನು ತಿಂದು ಕಲ್ಲು ಮಾಡುತ್ತಿದ್ದವು!

ಇಲ್ಲೊಂದು ಲೆಕ್ಕ ಹಾಕಿ ನಾನು ಪೆನ್ನು ಕೆಳಗಿಟ್ಟು ಕೂತೆ. ಒಂದು ಡಿಗ್ರಿ ಕುಸಿದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 18 ಮಿಲಿಗ್ರಾಂ ಸುಣ್ಣಕಲ್ಲು ಹುಟ್ಟಿದೆ ಎಂದರ್ಥ. 160 ಲೀಟರಿಗೆ ಮೂರು ಡಿಗ್ರಿ ಎಂದರೆ ದಿನಕ್ಕೆ ಎಂಟೊಂಬತ್ತು ಗ್ರಾಂ. ವರ್ಷಕ್ಕೆ ಮೂರು ಕಿಲೋಗೂ ಮಿಗಿಲು ಕಲ್ಲು! ತಿಳಿನೀರಿನಿಂದ, ಸದ್ದಿಲ್ಲದೆ, ಸೋಫಾದ ಪಕ್ಕದಲ್ಲಿ! ತಾಯಿ ಮಗುವಿಗೆ ಹಾಲೂಡಿಸುವಾಗ ಕೂತ ಹಾಗೆ ಕೂತಿವೆ ಹವಳಗಳು, ಅವುಗಳ ಅಡಿಯಲ್ಲಿ ಬೆಟ್ಟ ಬೆಳೆಯುತ್ತಿದೆ.

ಮೂರು ಡಿಗ್ರಿಯ ಏರಿಳಿತ ಹವಳಕ್ಕೆ ದಿನಾ ಜ್ವರ ಬಂದು ಇಳಿದಂತೆ. ಅದೇ ಹವಳಗಳನ್ನು 500 ಲೀಟರ್ ನೀರಿಗೆ ಇಳಿಸಿದರೆ? ಅದೇ ಒಂಬತ್ತು ಗ್ರಾಂ ಕಲ್ಲಿಗೆ ಕುಸಿತ ಒಂದೇ ಡಿಗ್ರಿ. ದೊಡ್ಡ ತೊಟ್ಟಿ ಬೇಕು ಎಂಬ ಆಸೆಯ ಹಿಂದಿನ ಗುಟ್ಟು ಇದು. ಜಾಗ ಹೆಚ್ಚಾಗುವುದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭ ನೀರಿಗೆ ಬರುವ ತಾಳ್ಮೆ. ಬಿಂದಿಗೆ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಕೆರೆ ಹಾಗಲ್ಲ.

ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಹೊಸ ತೊಟ್ಟಿ ಬಂದಿತು. ಬರೀ ನೀರೇ ಅರ್ಧ ಟನ್ನು, ಗಾಜು ಕಲ್ಲು ಸೇರಿದರೆ ಒಂದು ಸಣ್ಣ ಕಾರಿನ ತೂಕ. ಕೆಳಗೆ ಇನ್ನೊಂದು ತೊಟ್ಟಿ. ಅದರ ಹೆಸರು ಕೇಳಿ ಖುಷಿಯಾಯಿತು: ಸಂಪ್! ನಮ್ಮ ಅಂಗಳದಡಿಯ ಸಂಪೇ. ಮೇಲಿನ ನೀರು ಅಂಚು ದಾಟಿ ಅಲ್ಲಿಗಿಳಿಯುತ್ತದೆ. ಅಲ್ಲೊಂದು ಯಂತ್ರ ನೀರಿಗೆ ಗಾಳಿ ಕಡೆದು, ಕಬ್ಬಿನ ಹಾಲು ಕುದಿವಾಗ ಹೊಲಸು ನೊರೆಯಾಗಿ ಮೇಲೆ ಬರುವಂತೆ, ಕಶ್ಮಲವನ್ನು ನೊರೆಯೊಡನೆ ಎತ್ತಿ ಹಾಕುತ್ತದೆ. ತಿಳಿಯಾದ ನೀರು ಮತ್ತೆ ಮೇಲೆ.

ನೀರು ಮಾಡುವುದೇ ಒಂದು ಹಬ್ಬ. ಆಸ್ಟಿನ್ ಊರು ನಿಂತಿರುವುದೇ ಸುಮಾರು ಹತ್ತು ಕೋಟಿ ವರ್ಷ ಹಿಂದಿನ ಸಮುದ್ರತಳದ ಸುಣ್ಣಕಲ್ಲಿನ ಮೇಲೆ, ಆದರೂ ನಲ್ಲಿಯ ನೀರನ್ನು ಹಾಗೆಯೇ ಬಳಸುವಂತಿಲ್ಲ. ಮೊದಲು ಅದನ್ನು ಸೋಸಿ ಸೋಸಿ, ಅದರಲ್ಲಿ ನೀರಲ್ಲದೆ ಬೇರೇನೂ ಉಳಿಯದಂತೆ ಮಾಡಬೇಕು. ಆಮೇಲೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು, ಒಟ್ಟು ಹದಿನೇಳೂವರೆ ಕಿಲೋ. ಇಡೀ ಒಂದು ದಿನ ಕಲಕಿ, 25-26 ಡಿಗ್ರಿ ಶಾಖಕ್ಕೆ ತಂದೆವು. ನಾನು ಬೆರಳದ್ದಿ ನಾಲಗೆಗೆ ಇಟ್ಟುಕೊಂಡೆ. ಕಾರವಾರ! ಕಣ್ಣು ಮುಚ್ಚಿದರೆ ಕಾರವಾರದ ಕಡಲತೀರ!

ವರ್ಗಾವಣೆಯ ದಿನ ಮಾತ್ರ ಉಸಿರು ಬಿಗಿಹಿಡಿದಿದ್ದೆವು. ಸಮುದ್ರವನ್ನು ಮನೆಗೆ ತರುವವರು ನಿಜಕ್ಕೂ ತರುವುದು ನೀರನ್ನಲ್ಲ, ಕಲ್ಲನ್ನು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬಾತ ಇದನ್ನು ಜಗತ್ತಿಗೆ ಬರೆದು ಹೇಳಿದ: ಸಮುದ್ರದ ಜೀವಂತ ಕಲ್ಲು ಇಡಿ, ಗಾಳಿಯ ಗುಳ್ಳೆ ಬಿಡಿ, ಉಳಿದದ್ದನ್ನು ಕಲ್ಲೇ ನೋಡಿಕೊಳ್ಳುತ್ತದೆ. ಯಾಕೆಂದರೆ ಆ ರಂಧ್ರಮಯ ಕಲ್ಲಿನ ಮೈತುಂಬ ಬ್ಯಾಕ್ಟೀರಿಯಾಗಳಿವೆ. ಮೀನಿನ ಹೇಸಿಗೆಯಿಂದ ಹುಟ್ಟುವ ವಿಷದಂಥ ಅಮೋನಿಯಾವನ್ನು ಅವು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ, ಕಲ್ಲಿನ ಆಳದ ಉಸಿರಿಲ್ಲದ ಜಾಗದಲ್ಲಿ ಮತ್ತೆ ಬರೀ ಗಾಳಿಯಾಗಿ ಬಿಟ್ಟುಬಿಡುತ್ತವೆ. ಆದ್ದರಿಂದ ನೀರು ಹೊಸದಾದರೂ ಪರವಾಗಿಲ್ಲ, ಹಳೆಯ ಕಲ್ಲು ಒಣಗಬಾರದು. ಒಂದೊಂದು ಕಲ್ಲನ್ನೂ ಬಾಣಂತಿ ಕೈಯಿಂದ ಕೂಸು ತೆಗೆದುಕೊಂಡ ಹಾಗೆ ಎತ್ತಿ ಬಕೆಟ್ಟಿನ ಉಪ್ಪುನೀರಿಗೆ ಇಳಿಸಿದೆವು. ಹಳೆಯ ಮರಳಿನ ಒಂದು ಮೂಲೆ ಕದಡಿದ ಕೂಡಲೇ ಕೊಳೆತ ತತ್ತಿಯ ವಾಸನೆ ಎದ್ದಿತು. ವರ್ಷಗಟ್ಟಲೆ ತಳದಲ್ಲಿ ಹೂತಿದ್ದ ಗಂಧಕದ ಅನಿಲ ಅದು, ಹವಳಕ್ಕೆ ಮೃತ್ಯು. ಆ ಮರಳನ್ನು ಅಲ್ಲೇ ಬಿಟ್ಟೆವು, ಹೊಸ ಮನೆಗೆ ಹೊಸ ಮರಳು.

ರಾತ್ರಿ ಹನ್ನೊಂದಕ್ಕೆ ಕೊನೆಯ ಹವಳ ನೆಲೆಯಾಯಿತು. ಎಲ್ಲ ಬಾಯಿಗಳೂ ಮುಚ್ಚಿದ್ದವು. ಬರೀ ಬಿಳಿಚಿಕೊಂಡ ಕಲ್ಲು, ಜೀವವೇ ಇಲ್ಲದ ಹಾಗೆ. ತಮ್ಮ ಊಟ ಮಾಡಲಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ನನ್ನನ್ನು ಎಬ್ಬಿಸಿದ. ಕೆಂಪು ಟಾರ್ಚಿನಲ್ಲಿ ನೋಡಿದರೆ ಒಂದು ಕೊಂಬೆಯ ತುದಿಯಲ್ಲಿ ಒಂದು, ಒಂದೇ ಒಂದು ಪಾಲಿಪ್, ಬೆರಳು ಬಿಚ್ಚಿ ಹೊಸ ನೀರನ್ನು ಮುಟ್ಟಿ ನೋಡುತ್ತಿತ್ತು!

ಇನ್ನು ಸುಣ್ಣದ ಮಾತಿಗೆ ಬರುತ್ತೇನೆ, ನನ್ನನ್ನು ಗವಿಗೆ ತಂದು ನಿಲ್ಲಿಸಿದ್ದು ಅದೇ.

ಹವಳ ತಿಂದ ಸುಣ್ಣವನ್ನು ದಿನಾ ತುಂಬಿಕೊಡಬೇಕಲ್ಲ, ಹೇಗೆ? ತಮ್ಮ ಒಂದು ಡಬ್ಬಿಯಿಂದ ಬಿಳಿ ಪುಡಿ ತೆಗೆದು ನೀರಿಗೆ ಹಾಕಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೆಗೆದ. ನಾನು ನೋಡಿದ ತಕ್ಷಣ ಗುರುತಿಸಿದೆ: "ಏ, ಇದು ಅವ್ವನ ಎಲಿಅಡಿಕಿ ಸುಣ್ಣದ ತಿಳಿ ಅಲ್ಲೇನೋ!" ಹೌದು, ಅದೇ! ಜರ್ಮನ್ ಮಾತನಾಡುವ ನಾಡುಗಳ ಹವಳಪ್ರಿಯರು ಅದನ್ನು ಕಾಲ್ಕ್‌ವಾಸರ್ ಎಂದು ಕರೆದರು. ಪೀಟರ್ ವಿಲ್ಕೆನ್ಸ್ ಎಂಬಾತ ಅದನ್ನು ಬಳಸಿ ಕಲ್ಲುಹವಳ ಬೆಳೆಸಿ ತೋರಿಸಿದ ಮೇಲೆ ಜಗತ್ತೆಲ್ಲ ಹಬ್ಬಿತು. ಕಾಲ್ಕ್ ಎಂದರೆ ಸುಣ್ಣ, ವಾಸರ್ ಎಂದರೆ ನೀರು. ಸುಣ್ಣದ ನೀರು! ನಮ್ಮ ಅಜ್ಜಿಯಂದಿರು ಕಂಚಿನ ಡಬ್ಬಿಯಲ್ಲಿ ಇಟ್ಟುಕೊಂಡು ತಿರುಗಿದ ವಸ್ತು.

ತೊಟ್ಟಿಯಿಂದ ದಿನಾ ಆವಿಯಾಗುವುದು ಬರೀ ನೀರು, ಉಪ್ಪು ಉಳಿಯುತ್ತದೆ. ಆವಿಯಾದಷ್ಟು ಸಿಹಿನೀರು ತುಂಬಬೇಕು, ಆ ಸಿಹಿನೀರಿನಲ್ಲೇ ಸುಣ್ಣದ ತಿಳಿ ಬೆರೆಸಿಬಿಟ್ಟರೆ ಎರಡೂ ಕೆಲಸ ಒಟ್ಟಿಗೆ. ಎಷ್ಟು ಚಂದದ ಉಪಾಯ! ಆದರೆ ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ 1.7 ಗ್ರಾಂ ಮಾತ್ರ, ಅದರಿಂದ ಹುಟ್ಟುವ ಕಲ್ಲು ಎರಡು ಗ್ರಾಂ ಚಿಲ್ಲರೆ. ದಿನಕ್ಕೆ ನಾಲ್ಕು ಲೀಟರ್ ಆವಿಯಾದರೆ ಒಂಬತ್ತು ಗ್ರಾಂ ಕಲ್ಲಿಗೆ ಸಾಕು. ಅಲ್ಲಿಗೆ ಸರಿಹೋಯಿತು. ಹೊಸ ಮನೆಯಲ್ಲಿ ಹವಳ ಹಿಗ್ಗಿ ಹಿಗ್ಗಿ ಬೆಳೆದು ದಿನಕ್ಕೆ 18 ಗ್ರಾಂ ಕೇಳತೊಡಗಿದರೆ? ಹೆಚ್ಚು ಸುಣ್ಣ ಕರಗುವುದಿಲ್ಲ, ಹೆಚ್ಚು ನೀರು ಆವಿಯಾಗುವುದಿಲ್ಲ. ಉಳವಿಯಿರುವ ಜೋಯಿಡಾದ ಮಳೆಗಾಲದಂಥ ಹವೆಯಲ್ಲಾದರೆ ಒಗೆದ ಬಟ್ಟೆಯೇ ವಾರಗಟ್ಟಲೆ ಆರುವುದಿಲ್ಲ, ಇನ್ನು ತೊಟ್ಟಿಯ ನೀರು ಆರುವುದೆಲ್ಲಿ!

ಅದಕ್ಕೇ ದೊಡ್ಡ ತೊಟ್ಟಿಗೆ ಬೇರೆ ಯಂತ್ರ. ಹೆಸರು ಕ್ಯಾಲ್ಸಿಯಂ ರಿಯಾಕ್ಟರ್. ಹೆಸರು ಕೇಳಿ ಹೆದರಬೇಡಿ. ಒಂದು ಮುಚ್ಚಿದ ಕೊಳವೆ, ಅದರ ತುಂಬ ಸತ್ತ ಹವಳದ ಹಳೆಯ ಎಲುಬುಗಳ ಚೂರು. ಅದರ ಮೂಲಕ ತೊಟ್ಟಿಯ ನೀರು ಸುತ್ತುತ್ತದೆ, ಸೋಡಾದಲ್ಲಿ ಇರುವ ಅದೇ ಇಂಗಾಲದ ಡೈಆಕ್ಸೈಡು ಗುಳ್ಳೆಗುಳ್ಳೆಯಾಗಿ ಸೇರುತ್ತದೆ. ಅನಿಲ ಸೇರಿದ ನೀರು ತುಸು ಹುಳಿಯಾಗುತ್ತದೆ, ಅದರ ಪಿಎಚ್ ಆರೂವರೆಗೆ ಇಳಿಯುತ್ತದೆ. ಆ ಹುಳಿನೀರು ಹಳೆಯ ಎಲುಬನ್ನು ಮೆಲ್ಲಗೆ ಕರಗಿಸಿಕೊಂಡು, ಹೊರಗಿನ ಸಣ್ಣ ಕೊಳವೆಯ ತುದಿಯಿಂದ ಹನಿಯಾಗಿ ಇಳಿಯುತ್ತದೆ. ಟಪ್. ಟಪ್. ಟಪ್. ಸತ್ತ ಹವಳ ಕರಗಿ ಬದುಕಿದ ಹವಳದ ಮನೆಗೆ ಕಲ್ಲಾಗುತ್ತದೆ.

ಈಗ ಗವಿಯೊಳಗೆ ಬನ್ನಿ.

ಉಳವಿಯ ಮೇಲೆ ಮಳೆ ಸುರಿಯುತ್ತದೆ. ಎಂಥ ಮಳೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮಳೆನೀರು ಕಾಡಿನ ಮಣ್ಣಿಗೆ ಇಂಗುತ್ತದೆ. ಆ ಮಣ್ಣಿನಲ್ಲಿ ಕೋಟಿ ಬೇರುಗಳು ಉಸಿರಾಡುತ್ತಿವೆ, ಎಲೆ ಕೊಳೆಸುವ ಜೀವಿಗಳು ಉಸಿರಾಡುತ್ತಿವೆ, ಅವೆಲ್ಲ ಬಿಟ್ಟ ಉಸಿರು ಅದೇ ಇಂಗಾಲದ ಡೈಆಕ್ಸೈಡು! ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಇಂಗುವ ನೀರು ಆ ಉಸಿರನ್ನು ಕುಡಿದು ಹುಳಿಯಾಗಿ, ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿಕೊಳ್ಳುತ್ತ ಬಂದು, ಗವಿಯ ಚಾವಣಿಯಲ್ಲಿ ಹನಿಯಾಗಿ ತೂಗುತ್ತದೆ. ಕಾಡಿನ ಮಣ್ಣೇ ಅನಿಲದ ಸಿಲಿಂಡರು! ಬೆಟ್ಟವೇ ಕೊಳವೆ! ಹನಿ ಗವಿಯ ಗಾಳಿಗೆ ತೆರೆದುಕೊಂಡ ಕೂಡಲೇ ಕುಡಿದ ಉಸಿರನ್ನು ಬಿಟ್ಟುಬಿಡುತ್ತದೆ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ. ಉಸಿರು ಹೋದ ಮೇಲೆ ಹೊತ್ತು ತಂದ ಕಲ್ಲನ್ನು ಹಿಡಿದಿಡಲಾರದು. ಕಣ್ಣಿಗೆ ಕಾಣದಷ್ಟು ತೆಳುವಾಗಿ ಅದನ್ನು ಮೊನೆಗೆ ಮೆತ್ತಿ, ಬೀಳುತ್ತದೆ. ಕೆಳಗೆ ಬಿದ್ದಲ್ಲಿ ಇನ್ನಷ್ಟು ಮೆತ್ತುತ್ತದೆ. ಮೇಲಿನಿಂದ ಕೆಚ್ಚಲು ಇಳಿಯುತ್ತದೆ, ಕೆಳಗಿನಿಂದ ಲಿಂಗ ಏಳುತ್ತದೆ. ದಾಂಡೇಲಿ ಕಾಡಿನ ಕವಳಾ ಗವಿಯಲ್ಲಿ ಶಿವರಾತ್ರಿಯಂದು ಜನ ತೆವಳಿ ಹೋಗಿ ಪೂಜಿಸುವ ಶಿವಲಿಂಗ ಹಾಗೆ ಎದ್ದುನಿಂತದ್ದೇ.

ಅಜ್ಜಿ ಹೇಳಿದ್ದು ಎಷ್ಟು ನಿಜ! ಹಾಲೇ ಅದು. ಆ ಹನಿಯಲ್ಲಿ ಕರಗಿರುವುದು ಕ್ಯಾಲ್ಸಿಯಂ.

ನಂಬಿಕೆ ಬರದಿದ್ದರೆ ಹೈಸ್ಕೂಲಿನ ಆ ಪ್ರಯೋಗ ನೆನಪು ಮಾಡಿಕೊಳ್ಳಿ. ಸುಣ್ಣದ ತಿಳಿಗೆ ಕೊಳವೆಯಿಂದ ಉಸಿರು ಊದಿದರೆ ತಿಳಿ ಹಾಲಾಗುತ್ತದೆ. ಮೇಷ್ಟ್ರು ಅಲ್ಲಿಗೇ ನಿಲ್ಲಿಸುತ್ತಿದ್ದರು, ನಾವೂ ಬೆರಗಾಗಿ ಅಲ್ಲಿಗೇ ನಿಲ್ಲುತ್ತಿದ್ದೆವು. ನಿಲ್ಲಬಾರದಿತ್ತು! ಇನ್ನೂ ಊದುತ್ತಾ ಹೋದರೆ ಹಾಲು ಮತ್ತೆ ತಿಳಿಯಾಗುತ್ತದೆ. ಮೊದಲ ಉಸಿರಿಗೆ ಸುಣ್ಣ ಕಲ್ಲಿನ ಹುಡಿಯಾಯಿತು, ಹೆಚ್ಚಿನ ಉಸಿರಿಗೆ ಆ ಕಲ್ಲು ಕರಗಿತು. ಆ ಗಾಜಿನ ಲೋಟದಲ್ಲಿ ಗವಿ ಹುಟ್ಟುವುದೂ ಇದೆ, ಹವಳ ಹುಟ್ಟುವುದೂ ಇದೆ. ಇಷ್ಟು ವರ್ಷ ನಾನು ಅರ್ಧ ಪ್ರಯೋಗ ನೋಡಿ ಮನೆಗೆ ಹೋಗಿದ್ದೆ.

ಆದರೆ ವೇಗ ನೋಡಿ. ಗವಿಯ ಕಲ್ಲು ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಬೆಳೆದರೆ ಹೆಚ್ಚು. ಕೊಂಬೆಗೊಂಬೆಯಾಗಿ ಬೆಳೆಯುವ ಅಕ್ರೊಪೋರಾ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯಬಲ್ಲದು. ಒಂದು ಸಾವಿರ ಪಟ್ಟು! ಗವಿಯಲ್ಲಿ ನೀರು ತನ್ನಷ್ಟಕ್ಕೆ ಕಲ್ಲನ್ನು ಬಿಡುತ್ತದೆ. ಹವಳ ಕಾಯುವುದಿಲ್ಲ. ತನ್ನ ಮೈಯ ಅಡಿಯಲ್ಲಿ ಕೂದಲೆಳೆಯ ಸಂದಿಯೊಂದನ್ನು ಮುಚ್ಚಿಟ್ಟುಕೊಂಡು, ಅದರೊಳಕ್ಕೆ ಕ್ಯಾಲ್ಸಿಯಂ ಎಳೆದುಕೊಂಡು, ಹುಳಿಯನ್ನು ಹೊರಕ್ಕೆ ತಳ್ಳಿ, ಅಲ್ಲೇ ಅರಗೊನೈಟ್ ಹರಳು ಕಟ್ಟುತ್ತದೆ. ಆ ಕೆಲಸದ ಕಸುವು ಬರುವುದು ಬಾಡಿಗೆಯ ಪಾಚಿಯಿಂದ. ಥಾಮಸ್ ಗೊರೊ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜಮೈಕಾದಲ್ಲಿ ವಿಕಿರಣ ಸೂಸುವ ಕ್ಯಾಲ್ಸಿಯಂ ಕೊಟ್ಟು ಅಳೆದು, ಬೆಳಕಿದ್ದಾಗ ಹವಳ ಕತ್ತಲಿಗಿಂತ ಎಷ್ಟೋ ವೇಗವಾಗಿ ಕಲ್ಲು ಕಟ್ಟುವುದನ್ನು ತೋರಿಸಿದ. ಗವಿಯ ಕಲ್ಲಿಗೆ ಕತ್ತಲೆ ಸಾಕು, ಹವಳದ ಕಲ್ಲಿಗೆ ಸೂರ್ಯ ಬೇಕು.

ಉಳವಿಗೆ ಬರುವ ಜನ ಈ ಗವಿಗಳನ್ನು ಶರಣರ ನೆನಪಿನಲ್ಲಿ ನೋಡುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಅಕ್ಕನಾಗಮ್ಮನ ಮಗ ಚನ್ನಬಸವಣ್ಣ ಶರಣರೊಡನೆ ಈ ದಟ್ಟ ಕಾಡಿಗೆ ಬಂದ, ಇಲ್ಲೇ ಐಕ್ಯನಾದ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆ ಇತ್ತು, ಇಲ್ಲಿ ಮಹಾಮನೆ ಗವಿ ಇದೆ. ಮನೆ ಕಳೆದುಕೊಂಡು ಬಂದವರಿಗೆ ಕಲ್ಲೊಳಗೆ ನೀರು ಕೊರೆದಿಟ್ಟ ಮನೆ! ಭಾರತ ಹುಣ್ಣಿಮೆಯ ಜಾತ್ರೆಗೆ ಈಗಲೂ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಆ ಹೊತ್ತಿಗೆ ಹನಿ ನಿಧಾನವಾಗಿರುತ್ತದೆ, ಮಳೆಗಾಲ ಹಿಂದೆ ಬಿದ್ದಿರುತ್ತದೆ.

ಈ ಸುಣ್ಣಕಲ್ಲು ಎಷ್ಟು ಹಳೆಯದು? ಭೂವಿಜ್ಞಾನಿಗಳು ಈ ಶಿಲೆಗಳ ಕುಲಕ್ಕೆ ಇಟ್ಟ ಹೆಸರೇ ನಮ್ಮೂರಿನದು, ಧಾರವಾಡ. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು. ವಯಸ್ಸು 250 ಕೋಟಿ ವರ್ಷಕ್ಕೂ ಮಿಗಿಲು. ಇಂದಿನ ಕಲ್ಲುಹವಳಗಳ ವಂಶ ಹುಟ್ಟಿ 24 ಕೋಟಿ ವರ್ಷವಷ್ಟೇ ಆಗಿದೆ. ಅಂದರೆ ಧಾರವಾಡ ಶಿಲೆಗಳು ಸಮುದ್ರದ ತಳದಲ್ಲಿ ಕೂಡುತ್ತಿದ್ದಾಗ ಹವಳವಿರಲಿಲ್ಲ, ಮೀನಿರಲಿಲ್ಲ, ಪ್ರಾಣಿ ಎಂಬುದೇ ಇರಲಿಲ್ಲ. ಆದರೂ ದಿಬ್ಬ ಕಟ್ಟುವವರಿದ್ದರು! ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ ಈ ಶಿಲಾಕುಲದ ಸುಣ್ಣಕಲ್ಲಿನೊಳಗೆ ಈರುಳ್ಳಿ ಪದರದಂಥ ಗುಮ್ಮಟಗಳು ಸಿಕ್ಕಿವೆ, ಸ್ಟ್ರೊಮ್ಯಾಟೊಲೈಟ್‌ಗಳು. ಸೂಕ್ಷ್ಮಜೀವಿಗಳು ಪದರ ಪದರವಾಗಿ ಹಾಸಿ ಕೂತು ಕಟ್ಟಿದ, ಹವಳಕ್ಕಿಂತ ಮುಂಚಿನ ಹವಳದ ದಿಬ್ಬ. ಕರ್ನಾಟಕದ ಒಡಲಲ್ಲೇ!

ಗವಿಯಿಂದ ಹೊರಬಂದು ಕಾಡಿನ ದಾರಿಯಲ್ಲಿ ನಡೆಯುತ್ತ ಇದನ್ನೇ ಯೋಚಿಸಿದೆ. ನೆಲಕ್ಕೆ ಬಿದ್ದ ಹನಿ ಎಲ್ಲಿಗೆ ಹೋಗುತ್ತದೆ? ಇಲ್ಲಿನ ಹಳ್ಳಗಳೆಲ್ಲ ಕಾಳಿಯ ಮಕ್ಕಳು. ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರಕ್ಕೆ ಸೇರುತ್ತದೆ. ಉಳವಿಯ ಕಲ್ಲು ಕರಗಿ ಕರಗಿ ಅರಬ್ಬಿ ಸಮುದ್ರಕ್ಕೆ! ಅದೇ ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ, ನೇತ್ರಾಣಿ ದ್ವೀಪವಿದೆ. ಅದರ ಬಂಡೆಗಳ ಮೇಲೆ ನೀರಿನಡಿಯಲ್ಲಿ ಹವಳ ಬೆಳೆಯುತ್ತದೆ. ಉತ್ತರ ಕನ್ನಡದ್ದೇ ಹವಳ! ಕ್ಯಾಲ್ಸಿಯಂ ಕಣವೊಂದು ಸಮುದ್ರ ಸೇರಿದರೆ ಸರಾಸರಿ ಸುಮಾರು ಹತ್ತು ಲಕ್ಷ ವರ್ಷ ಅಲ್ಲೇ ಅಲೆಯುತ್ತದಂತೆ. ಯಾವ ಕಾಲದ್ದೋ ಉಳವಿಯ ಹನಿಯೊಂದು ಈ ಹೊತ್ತು ನೇತ್ರಾಣಿಯ ಹವಳದ ಮನೆಯ ಗೋಡೆಯಾಗಿರಬಹುದು. ಹಾಗೆ ಅಂದುಕೊಂಡಾಗ ನನಗೆ ಮೈ ಜುಮ್ಮೆಂದಿತು.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ನೇತ್ರಾಣಿಯ ಹವಳದ ಚೂರನ್ನೂ ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ಸೇರಿಸಲಾಗಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಉಳವಿಯ ಸುತ್ತಲಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿ, ಅದೇ ಜಿಲ್ಲೆಯ ಕಡಲಿನಲ್ಲಿ ಹವಳ, ಒಂದೇ ಪಟ್ಟಿಯಲ್ಲಿ! ಅದು ಸರಿಯಾಗಿಯೇ ಇದೆ. ನಮ್ಮ ಹವಳ ನೋಡಬೇಕೆಂದರೆ ನಾವೇ ಅದರ ಮನೆಗೆ ಹೋಗಿ, ಮುಳುಗಿ, ಕೈಕಟ್ಟಿ ನೋಡಿ ಬರಬೇಕು. ನಮ್ಮ ಕರಾವಳಿಗೂ ಹವಳಕ್ಕೂ ಇರುವ ನಂಟು ಹಳೆಯದು: ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ಹವಳದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು!

ಆ ಲಕ್ಷದ್ವೀಪದ ಹವಳಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ ಬೆಳ್ಳಗಾದವು. ಬೇಸಿಗೆಯ ನೀರು ವಾಡಿಕೆಗಿಂತ ಒಂದೇ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನ ಬಾಡಿಗೆಯ ಪಾಚಿಯನ್ನು ಹೊರಹಾಕಿಬಿಡುತ್ತದೆ. 500 ಲೀಟರಿನ ತೊಟ್ಟಿಯಲ್ಲಿ ಅರ್ಧ ಡಿಗ್ರಿ ಏರಿದರೆ ತಮ್ಮನ ಫೋನು ಕೂಗಿಕೊಳ್ಳುತ್ತದೆ, ಫ್ಯಾನು ತಿರುಗುತ್ತದೆ. ಸಮುದ್ರಕ್ಕೆ ಫ್ಯಾನು ಹಾಕುವವರು ಯಾರು? ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯ ಹೊಗೆಯ ಸುಮಾರು ಕಾಲು ಭಾಗ ಇಂಗಾಲದ ಡೈಆಕ್ಸೈಡನ್ನು ಸಮುದ್ರ ಕುಡಿಯುತ್ತಿದೆ. ಅದರ ಮೇಲ್ಪದರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಗವಿಯ ಕಲ್ಲು ಕರಗಿಸುವ ಅದೇ ಅನಿಲ, ರಿಯಾಕ್ಟರಿನಲ್ಲಿ ಹಳೆಯ ಎಲುಬು ಕರಗಿಸುವ ಅದೇ ಅನಿಲ. ಲೋಟದ ಸುಣ್ಣದ ತಿಳಿಗೆ ನಾವೆಲ್ಲ ಸೇರಿ ಇನ್ನೂ ಊದುತ್ತಿದ್ದೇವೆ.

ಗವಿಯಿಂದ ಹೊರಡುವ ಮೊದಲು ನಾನು ತಮ್ಮನ ಹಾಗೆ ಗಡಿಯಾರ ಹಿಡಿದು ಎಣಿಸಿದ್ದೆ. ಆ ಮೊನೆಯಿಂದ ನಿಮಿಷಕ್ಕೆ ಏಳು ಹನಿ. ಗುಡಿಯ ಕಟ್ಟೆಯ ಮೇಲೆ ಅವ್ವ ಕಾಯುತ್ತಿದ್ದಳು, ಮೊಣಕಾಲು ನೋವಿನಿಂದ ಅವಳಿಗೆ ಗವಿಯ ತನಕ ಬರಲಾಗಿರಲಿಲ್ಲ. ಮರಳಿ ಹೊರಟು ಕುಂಬಾರವಾಡ ದಾಟಿ ಫೋನಿಗೆ ಸಿಗ್ನಲ್ ಬಂದ ಕೂಡಲೇ ತಮ್ಮನಿಗೆ ಬರೆದೆ: ಉಳವಿಯ ರಿಯಾಕ್ಟರು, ನಿಮಿಷಕ್ಕೆ ಏಳು. ಅಲ್ಲಿ ನಡುರಾತ್ರಿ, ಆದರೂ ಅವನು ಎಚ್ಚರವಿದ್ದ. ಮಾತು ಬರೆಯಲಿಲ್ಲ, ಅರ್ಧ ನಿಮಿಷದ ಧ್ವನಿಯೊಂದನ್ನು ಕಳಿಸಿದ. ಒತ್ತಿದೆ. ಆಸ್ಟಿನ್ನಿನ ಕತ್ತಲ ಹಾಲ್, ಕಪಾಟಿನ ಬಾಗಿಲು ತೆರೆದ ಸದ್ದು, ಆಮೇಲೆ ಬರೀ ಹನಿ.

ಟಪ್. ಟಪ್.

ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಅವ್ವ ಮುಂದಕ್ಕೆ ಬಾಗಿದಳು. "ಆಕಳ ಗವಿದೇನು? ಚಲೋ ಮಾಡಿದಿ, ನನಗಂತ ತಗೊಂಡ ಬಂದ್ಯಲ್ಲ. ಇನ್ನೊಮ್ಮೆ ಹಚ್ಚು."